ಕೃಷ್ಣವ್ವನಿಗೆ, ಗಡ್ಡಿಯ ಪರವಾಗಿ

ಅವ್ವಾ ಕೃಷ್ಣೆ, ರಂಗಂಪೇಟೆಯಿಂದ ಕೈಮುಗಿಯುತ್ತಿದ್ದೇನೆ. ನಾನು ನಿನ್ನ ದಂಡೆಯವನಲ್ಲ. ಸುರಪುರದ ಗುಡ್ಡಗಳ ಮಗ್ಗುಲಲ್ಲಿ, ಬಂಡೆಗಳ ಕಾವು ರಾತ್ರಿ ಹತ್ತಾದರೂ ಇಳಿಯದ ಊರಿನವನು. ಬೇಡಿಕೊಳ್ಳಲು ನಮಗೆ ದೇವರಿಗೇನು ಬರವಿಲ್ಲ. ಇಲ್ಲೇ ವೇಣುಗೋಪಾಲಸ್ವಾಮಿ ಇದ್ದಾನೆ, ತಿಂಥಣಿಯಲ್ಲಿ ಮೌನೇಶ್ವರ ಇದ್ದಾನೆ, ಕೊಡೇಕಲ್ಲಿನಲ್ಲಿ ಬಸವಣ್ಣ ಇದ್ದಾನೆ. ಆದರೂ ಈ ಮಾತನ್ನು ನಿನಗೇ ಹೇಳಬೇಕು. ನಿನ್ನ ಮಡಿಲಲ್ಲೇ ಕೂತಿರುವ ಒಂದು ತುಂಡು ನೆಲದ ಮಾತಿದು. ಕಕ್ಕೇರಾದ ಆಚೆ ನೀನು ಎರಡು ಸೀಳಾಗಿ ಹರಿದು ಮತ್ತೆ ಕೂಡಿಕೊಳ್ಳುತ್ತೀಯಲ್ಲ, ಆ ನಡುವಿನ ನೀಲಕಂಠರಾಯನಗಡ್ಡಿಯ ಮಾತು.

ನನಗಾಗಿ ಏನೂ ಬೇಡುತ್ತಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಾರಾಯಣಪುರದ ಎಡದಂಡೆ ಕಾಲುವೆಯಲ್ಲಿ ಹರಿದುಬಂದು ನಮ್ಮ ಜೋಳದ ಹೊಲಗಳನ್ನು ಭತ್ತದ ಗದ್ದೆ ಮಾಡಿದವಳು ನೀನು. ಅದರಿಂದ ಕೆಲವರು ಉದ್ಧಾರವಾದರು, ಕೆಲವರ ಎರೆಭೂಮಿ ಸವುಳಾಯಿತು, ಇನ್ನೂ ಎಷ್ಟೋ ಮನೆಯವರು ಮಕ್ಕಳು ಮರಿ ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಲೇ ಇದ್ದಾರೆ. ಆ ಲೆಕ್ಕ ನಮ್ಮ ನಮ್ಮಲ್ಲಿ ಇತ್ಯರ್ಥವಾಗಬೇಕಾದದ್ದು. ನಿನ್ನನ್ನು ಅದಕ್ಕೆ ಎಳೆಯುವುದಿಲ್ಲ.

ಸ್ತುತಿಯಿಲ್ಲದೆ ನಿವೇದನೆ ಸಲ್ಲದು ಎನ್ನುತ್ತಾರೆ. ಹಾಗಾಗಿ ನಿನ್ನ ಮೈಯನ್ನೇ ಒಮ್ಮೆ ನೆನೆಯುತ್ತೇನೆ. ಮಹಾಬಲೇಶ್ವರದಲ್ಲಿ ಹುಟ್ಟಿ, ಸಾಂಗ್ಲಿ, ಬಾಗಲಕೋಟೆಯ ಕಬ್ಬಿನ ನಡುವೆ ಸಮಾಧಾನದಿಂದ ಬಂದವಳು ನಮ್ಮ ಸೀಮೆಗೆ ಕಾಲಿಟ್ಟ ಮೇಲೆ ಬೇರೆಯೇ ಆಗುತ್ತೀ. ದಖ್ಖನ್ನಿನ ಮೇಲ್ನೆಲದಿಂದ ಸುರಪುರ, ರಾಯಚೂರಿನ ಬಯಲಿಗೆ ನೀನು ಇಳಿಯುವ ಜಾಗ ಇದು. ಮೂರೇ ಮೈಲಿಯಲ್ಲಿ 408 ಅಡಿ ಇಳಿಯುತ್ತೀ ಎಂದು ಬ್ರಿಟಿಷರ ಕಾಲದ ಗೆಜೆಟಿಯರು ಬರೆದಿಟ್ಟಿದೆ. ಇಳಿಯುವಾಗ ಒಂದೇ ದಾರಿ ಹಿಡಿಯುವ ತಾಳ್ಮೆ ನಿನಗಿಲ್ಲ. ಬಂಡೆ ಸಿಕ್ಕಲ್ಲಿ ಸೀಳುತ್ತೀ, ಹಾಸುಗಲ್ಲಿನ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತೀ, ಅದರ ಮಗ್ಗುಲಲ್ಲೇ ಆಳ ತಿಳಿಯದ ಮಡು ಮಾಡಿ ಮೊಸಳೆಗೆ ಬಿಟ್ಟುಕೊಡುತ್ತೀ. ಹೀಗೆ ಸೀಳಿ ಕೂಡಿ ನಡೆದಲ್ಲೆಲ್ಲ ನಿನ್ನ ನಡುವೆ ಗಡ್ಡಿಗಳು ಉಳಿದಿವೆ. ಲಿಂಗಸುಗೂರು ಕಡೆ ಜಲದುರ್ಗ, ಕರಕಲಗಡ್ಡಿ, ಮ್ಯಾದರಗಡ್ಡಿ. ರಾಯಚೂರು ಕಡೆ ಕುರ್ವಕಲಾ, ನಾರದಗಡ್ಡೆ, ದತ್ತಭಕ್ತರು ನಡೆದುಕೊಳ್ಳುವ ಕುರವಪುರ. ಜಲದುರ್ಗಕ್ಕೆ ಕೋಟೆಯಿದೆ, ಕುರವಪುರಕ್ಕೆ ಪಾದುಕೆಯಿದೆ, ನಾರದಗಡ್ಡೆಗೆ ಮಠವಿದೆ. ನೀಲಕಂಠರಾಯನಗಡ್ಡಿಗೆ ಇರುವುದು ಹೊಲ, ಕುರಿ, ಹತ್ತಾರು ಮನೆ.

ನಮ್ಮ ಸುರಪುರದ ಚರಿತ್ರೆ ಗುಡ್ಡದ ಚರಿತ್ರೆ. 1705ರಲ್ಲಿ ಔರಂಗಜೇಬ ತನ್ನ ಕೊನೆಯ ದಂಡಯಾತ್ರೆ ಮಾಡಿದ್ದು ನಮ್ಮ ವಾಗಣಗೇರಿ ಕೋಟೆಯ ಮೇಲೆ. ವೆಂಕಟಪ್ಪ ನಾಯಕ 1858ರಲ್ಲಿ ಇಂಗ್ಲಿಷರ ಎದುರು ನಿಂತದ್ದು ಈ ಬಂಡೆಗಳ ನಡುವೆಯೇ. ಅದಕ್ಕೂ ಮುಂಚೆ ಹನ್ನೆರಡು ವರ್ಷ ಇಲ್ಲಿದ್ದ ಮೆಡೋಸ್ ಟೇಲರ್ ಸಾಹೇಬ ಮನೆ ಕಟ್ಟಿಕೊಂಡದ್ದೂ ಗುಡ್ಡದ ಮೇಲೆ. ಟೇಲರ್ ಮಂಜಿಲ್ ಈಗಲೂ ಇದೆ. ಹೊಳೆಯ ಸಾಲು ಊರುಗಳಿಗೆ ಆ ಚರಿತ್ರೆಯಲ್ಲಿ ಜಾಗ ಕಡಿಮೆ, ಗಡ್ಡಿಗಂತೂ ಒಂದು ಸಾಲೂ ಇಲ್ಲ. ಗಡ್ಡಿಯ ಹೆಸರು ಪತ್ರಿಕೆಗೆ ಬರುವುದು ನೀನು ತುಂಬಿದಾಗ ಮಾತ್ರ, ಅದೂ ಒಂದು ವಾರ.

ಉಳಿದ ಐವತ್ತೊಂದು ವಾರ ಗಡ್ಡಿ ಹೇಗಿರುತ್ತದೆ ಎನ್ನುವುದು ನಿನಗೆ ಗೊತ್ತು. ಬೇಸಿಗೆಯಲ್ಲಿ ನೀನು ಬತ್ತಿ ಬಂಡೆಗಳ ಸಂದಿಗೆ ಸರಿದಾಗ ಅದು ನಡುಗಡ್ಡೆಯೇ ಅಲ್ಲ. ಗಂಡಸರು ಧೋತ್ರ ಮೇಲೆತ್ತಿ ಕಟ್ಟಿಕೊಂಡು, ಹೆಂಗಸರು ತಲೆಯ ಮೇಲೆ ಗಂಟಿಟ್ಟುಕೊಂಡು, ಹೆಜ್ಜೆ ಗುರುತಿನ ಕಲ್ಲು ನೋಡಿ ದಾಟುತ್ತಾರೆ. ಯಾವ ಕಲ್ಲಿಗೆ ಪಾಚಿ ಇದೆ, ಯಾವುದು ಅಲುಗುತ್ತದೆ ಎಂಬುದು ಚಿಕ್ಕ ಹುಡುಗರಿಗೂ ಬಾಯಿಪಾಠ. ಕಕ್ಕೇರಾದ ಸಂತೆಗೆ ಹೋಗಿ ಸಂಜೆಗೆ ತಿರುಗಿ ಬರುವುದು ಅವರಿಗೆ ದೊಡ್ಡ ಮಾತಲ್ಲ. ನೀರು ಸೊಂಟ ಮುಟ್ಟಿದರೆ ಹರಗೋಲು. ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಆನೆಗೊಂದಿಯಲ್ಲಿ ನೋಡಿ ಬೆರಗಾದ, ಹೊರಗೆ ತೊಗಲು ಹೊದಿಸಿದ ದುಂಡನೆಯ ಬುಟ್ಟಿದೋಣಿ ಅದೇ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು. ಹುಟ್ಟು ಹಾಕುವವನ ಕೈಚಳಕ ಮಾತ್ರ ಅಂದಿನದೇ. ಮುಂಗಾರು ಹತ್ತಿರವಾದ ಹಾಗೆ ಮನೆಗಳಲ್ಲಿ ಜೋಳ, ಬ್ಯಾಳಿ, ಉಪ್ಪು, ಕಡ್ಡಿಪೆಟ್ಟಿಗೆ ಒಂದಿಷ್ಟು ಹೆಚ್ಚೇ ಕೂಡಿಡುತ್ತಾರೆ.

ಆಮೇಲೆ ಒಂದು ದಿನ ಸುದ್ದಿ ಬರುತ್ತದೆ. “ನೀರ ಬಿಟ್ಟಾರಂತ್ರಿ.”

ಅವ್ವಾ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ನೀರಿನ ದಾರಿಯನ್ನು ಹಿಡಿದು ಹೋಗದಿದ್ದರೆ ನನ್ನ ಬೇಡಿಕೆಗೆ ಅರ್ಥವಿರುವುದಿಲ್ಲ. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. 1982ರ ಹೊತ್ತಿಗೆ ನಾರಾಯಣಪುರದ ಬಸವಸಾಗರ ಎದ್ದು ನಿಂತಿತು. ಆಲಮಟ್ಟಿಯ ಹೊಟ್ಟೆ 123 ಟಿಎಂಸಿಯದು, ಬಸವಸಾಗರದ್ದು 33 ಟಿಎಂಸಿ ಚಿಲ್ಲರೆ. ಘಟ್ಟದ ಮೇಲೆ ಮಳೆ ಹಿಡಿದು ಕೊಯ್ನಾ ತುಂಬಿದರೆ ಆಲಮಟ್ಟಿ ತುಂಬುತ್ತದೆ, ಆಲಮಟ್ಟಿ ಬಿಟ್ಟರೆ ಬಸವಸಾಗರ ಹಿಡಿದಿಟ್ಟುಕೊಳ್ಳಲಾರದು. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಕೆಳಗೆ ಹರಿದದ್ದು ಆರು ಲಕ್ಷ ಕ್ಯೂಸೆಕ್‌ಗೂ ಹೆಚ್ಚು. ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕೋಟಿ ಎಪ್ಪತ್ತು ಲಕ್ಷ ಲೀಟರು. ಆ ಓಟದಲ್ಲಿ ಬರುವ ನೀರಿಗೆ ಖಾಲಿ ಬಸವಸಾಗರವನ್ನು ತುಂಬಲು ಹದಿನೈದು ಹದಿನಾರು ತಾಸು ಸಾಕು. ಗೇಟಿನ ಬಳಿ ನಿಂತ ಎಂಜಿನಿಯರನನ್ನು ಬೈದು ಏನು ಬಂತು? ಅವನು ಎತ್ತಲೇಬೇಕು. ಎತ್ತದಿದ್ದರೆ ಕಟ್ಟೆ ಒಡೆದು ನಾವೆಲ್ಲ ಹೋಗುತ್ತೇವೆ. ನಾರಾಯಣಪುರದ ಕೆಳಗಿನ ಛಾಯಾ ಭಗವತಿಯ ಗುಡಿಯೇ ಅಂಥ ದಿನಗಳಲ್ಲಿ ನೀರಿನೊಳಗಿರುತ್ತದೆ. ದೇವಿಗೇ ರಿಯಾಯಿತಿ ಇಲ್ಲ.

ಆದರೆ ಇಷ್ಟಂತೂ ನಿಜ. ಹಿಂದೆ ಗಡ್ಡಿಯವರು ಆಕಾಶ ನೋಡುತ್ತಿದ್ದರು, ನಿನ್ನ ಬಣ್ಣ ನೋಡುತ್ತಿದ್ದರು. ನೊರೆಯಲ್ಲಿ ಕಸಕಡ್ಡಿ ಹೆಚ್ಚಾದರೆ, ನೀರು ಕೆಂಪಗಾದರೆ, ದನ ಅಟ್ಟಿಕೊಂಡು ದಿಬ್ಬಕ್ಕೆ ಹೋಗುತ್ತಿದ್ದರು. ಈಗ ಅವರ ತಲೆಯ ಮೇಲೆ ಬಿಸಿಲು ಸುಡುತ್ತಿರುವಾಗಲೇ, ಎಲ್ಲೋ ಮಹಾರಾಷ್ಟ್ರದಲ್ಲಿ ಬಿದ್ದ ಮಳೆ ಕಬ್ಬಿಣದ ಗೇಟಿನಡಿಯಿಂದ ನುಗ್ಗಿ ಬರುತ್ತದೆ. ಗಡ್ಡಿ ನಡುಗಡ್ಡೆಯಾಗುವ ತಾರೀಖನ್ನು ನೀನೊಬ್ಬಳೇ ಗೊತ್ತುಮಾಡುವ ಕಾಲ ಹೋಯಿತು. ಅದು ಈಗ ಕಚೇರಿಯಲ್ಲಿ ಗೊತ್ತಾಗುತ್ತದೆ. ಹಾಗಾದ ಮೇಲೆ ಅದರ ಹೊಣೆಯನ್ನೂ ಕಚೇರಿ ಹೊರಬೇಕಲ್ಲವೇ? ದೈವದ ಮೇಲೆ ಹಾಕಿ ಕೈತೊಳೆದುಕೊಂಡರೆ ಆಗುತ್ತದೆಯೇ?

2013ರ ಮಳೆಗಾಲವನ್ನು ನೀನು ಮರೆತಿರಲಿಕ್ಕಿಲ್ಲ. ಗಡ್ಡಿಯ ತುಂಬು ಬಸುರಿಯೊಬ್ಬಳು, ಇಪ್ಪತ್ತೆರಡರ ಹುಡುಗಿ, ನಿನ್ನೊಳಗೆ ಇಳಿದಳು. ನೀನು ಎರಡೂ ದಡ ತಿನ್ನುತ್ತಿದ್ದೆ. ಹರಗೋಲು ಹಾಕಲು ಯಾರಿಗೂ ಧೈರ್ಯವಿರಲಿಲ್ಲ. ದಿನ ತುಂಬಿತ್ತು, ಗಡ್ಡಿಯಲ್ಲಿ ದವಾಖಾನೆ ಇಲ್ಲ. ಅಪ್ಪ, ಅಣ್ಣತಮ್ಮಂದಿರು ಸುತ್ತ ನಿಂತರು. ಒಣಗಿದ ಸೋರೆಬುರುಡೆಗಳನ್ನು ಅವಳ ಮೈಗೆ ಕಟ್ಟಿದರು. ಸುಮಾರು ಒಂದು ಕಿಲೋಮೀಟರು ಈಜಿ ಅವಳು ಕಕ್ಕೇರಾದ ದಂಡೆ ಮುಟ್ಟಿದಳು.

ಆ ಬುರುಡೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಅವಳನ್ನು ತೇಲಿಸಿದ್ದು ಅದು. ಸೋರೆಕಾಯಿಯನ್ನು ಪಲ್ಯಕ್ಕೆ ಕೊಯ್ಯದೆ ಬಳ್ಳಿಯಲ್ಲೇ ಬಲಿಯಲು ಬಿಡಬೇಕು. ಉಗುರಿನಿಂದ ಗೀರಿದರೆ ಗೆರೆ ಮೂಡಬಾರದು, ಅಷ್ಟು ಗಟ್ಟಿಯಾದ ಮೇಲೆ ಇಳಿಸಿ ನೆರಳಲ್ಲಿ ತೂಗುಹಾಕಬೇಕು. ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ. ಅಲುಗಿಸಿದಾಗ ಒಳಗೆ ಬೀಜ ಗಿಲಗಿಲ ಎಂದರೆ ಒಣಗಿತು ಎಂದು ಅರ್ಥ. ಆಮೇಲೆ ನೀರಲ್ಲಿ ಒತ್ತಿ ಹಿಡಿದು ತೊಟ್ಟಿನ ಬಳಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಒಂದು ಗುಳ್ಳೆ ಎದ್ದರೂ ಅದು ಹೊಳೆಗೆ ಆಗದು. ಚೆನ್ನಾಗಿರುವ ಎರಡು ಮೂರನ್ನು ಹಗ್ಗದಲ್ಲಿ ಹೆಣೆದು ಬೆನ್ನಿಗೆ ಇಲ್ಲವೇ ಸೊಂಟಕ್ಕೆ ಬಿಗಿಯುತ್ತಾರೆ. ಗಂಟಿನ ತುದಿ ಕೈಗೆ ಎಟುಕುವಂತಿರಬೇಕು, ಎಲ್ಲಾದರೂ ಜಾಲಿಯ ಕೊಂಬೆಗೆ ಸಿಕ್ಕಿಕೊಂಡರೆ ಒಂದೇ ಎಳೆತಕ್ಕೆ ಬಿಚ್ಚಬೇಕು. ಇಳಿಯುವುದಕ್ಕೂ ರೀತಿಯಿದೆ. ಎದುರು ದಂಡೆಯ ಮೇಲೆ ಕಣ್ಣಿಟ್ಟು ನೇರ ಈಜುವವನು ಸೋಲುತ್ತಾನೆ. ಹೊಳೆ ಬಲ್ಲವನು ಗಡ್ಡಿಯ ಮೇಲ್ತುದಿಗೆ ನಡೆದುಹೋಗಿ, ಅಲ್ಲಿ ಇಳಿದು, ಸೆಳವಿಗೆ ಮೈ ಕೊಟ್ಟು, ಓರೆಯಾಗಿ ಸರಿಯುತ್ತ ಸರಿಯುತ್ತ ತಾನು ಮುಟ್ಟಬೇಕಾದ ಜಾಗ ಮುಟ್ಟುತ್ತಾನೆ. ಎಷ್ಟೋ ತಲೆಮಾರು ನಿನ್ನ ಬಳಿ ಸೋತು ಗೆದ್ದು ಕಲಿತ ವಿದ್ಯೆ ಇದು. ಈ ಗಡ್ಡಿಯ ಗುಣವೇನು ಎಂದು ಯಾರಾದರೂ ಕೇಳಿದರೆ ನಾನು ಈ ಬುರುಡೆಯನ್ನು ತೋರಿಸುತ್ತೇನೆ.

ಅವಳ ಸುದ್ದಿ ದಿಲ್ಲಿ ಮುಟ್ಟಿತು, ಲಂಡನ್ನಿನ ಬಿಬಿಸಿಯನ್ನೂ ಮುಟ್ಟಿತು. ಸಾಹಸಿ ಎಂದರು, ವೀರಮಾತೆ ಎಂದರು. ಆರು ವರ್ಷದ ನಂತರ ದೇವದುರ್ಗದ ಹಿರೇರಾಯನಕುಂಪಿಯಲ್ಲಿ, ನೀರಡಿ ಮುಚ್ಚಿಹೋದ ಸೇತುವೆಯ ಮೇಲೆ ಹನ್ನೆರಡರ ಪೋರನೊಬ್ಬ ಮುಂದೆ ಮುಂದೆ ಓಡಿ ಆಂಬುಲೆನ್ಸಿಗೆ ದಾರಿ ತೋರಿದ. ಅವನಿಗೆ ಶೌರ್ಯ ಪ್ರಶಸ್ತಿ ಕೊಟ್ಟರು. ಕೊಡಲಿ, ಅವನು ಅದಕ್ಕೆ ತಕ್ಕವನೇ. ಆದರೆ ಅವ್ವಾ, ಹೆರಿಗೆಗೆ ಹೊರಟವಳು ಈಜಿದ್ದನ್ನು ಸಾಹಸ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಬೇರೆ ದಾರಿ ಇದ್ದೂ ನೀರಿಗೆ ಇಳಿದಿದ್ದರೆ ಸಾಹಸ. ಅವಳನ್ನು ದಡ ಸೇರಿಸಿದ್ದಕ್ಕೆ ನಿನಗೆ ಅಡ್ಡಬೀಳುತ್ತೇನೆ. ಅವಳನ್ನು ಅಲ್ಲಿಗೆ ಇಳಿಸಿದ್ದಕ್ಕೆ ಮಾತ್ರ ಯಾರನ್ನು ಕ್ಷಮಿಸು ಎಂದು ಕೇಳಬೇಕೋ ತಿಳಿಯದು. ಒಂದು ಹೆಸರಿಲ್ಲ, ನೂರು ಸಹಿಗಳಿವೆ.

ಭೂಮಿಯ ಮೇಲೆ ಬೇರೆ ಕಡೆಯೂ ನಡುಗಡ್ಡೆಗಳಿವೆ ಎಂದು ನಿನಗೆ ಹೇಳಬೇಕಾಗಿಲ್ಲ. ಕೊನೆಗೆ ನೀನು ಸೇರುವ ಸಮುದ್ರವೇ ಅವನ್ನೂ ಸುತ್ತುವುದು. ಸ್ವೀಡನ್ ದೇಶದ ಪೂರ್ವಕ್ಕೆ, ಬಾಲ್ಟಿಕ್ ಸಮುದ್ರದಲ್ಲಿ, ಗೋಟ್ಲಂಡ್ ಎಂಬ ದೊಡ್ಡ ದ್ವೀಪದ ತುದಿಗೆ ಫೋರೊ ಎಂಬ ಚಿಕ್ಕದೊಂದು ದ್ವೀಪವಿದೆ. ಸಿನಿಮಾ ನೋಡುವವರಿಗೆ ಅದು ಇಂಗ್ಮಾರ್ ಬರ್ಗ್‌ಮನ್ನನ ದ್ವೀಪ. 1960ರಲ್ಲಿ ಚಿತ್ರೀಕರಣಕ್ಕೆ ಜಾಗ ಹುಡುಕಿ ಬಂದವನು ಅಲ್ಲಿಯೇ ಮನೆ ಕಟ್ಟಿ, 2007ರಲ್ಲಿ ಅಲ್ಲೇ ತೀರಿಕೊಂಡು, ಅಲ್ಲಿನ ಚರ್ಚಿನ ಅಂಗಳದಲ್ಲೇ ಮಣ್ಣಾದ. ಅಲ್ಲಿನ ಕುರಿ ಸಾಕುವವರ, ಮೀನುಗಾರರ ಬದುಕಿನ ಮೇಲೆ 1970ರಲ್ಲಿ ಒಂದು, 1979ರಲ್ಲಿ ಇನ್ನೊಂದು ಸಾಕ್ಷ್ಯಚಿತ್ರ ಮಾಡಿದ. ನಮ್ಮ ಹಾಗೆಯೇ ಅದೂ ಕಲ್ಲಿನ ಸೀಮೆ. ನಲವತ್ತು ಕೋಟಿ ವರ್ಷದ ಹಿಂದಿನ ಹವಳದ ಸುಣ್ಣಕಲ್ಲನ್ನು ಅಲೆ ಕೊರೆದು ಕೊರೆದು ದಂಡೆಯುದ್ದಕ್ಕೂ ಕಂಬಗಳಂತೆ ನಿಲ್ಲಿಸಿದೆ. ಗಾಳಿಗೆ ಗಿಡ ಎತ್ತರ ಬೆಳೆಯುವುದಿಲ್ಲ. ಕುರಿಗಳಿಗೆ ಹುಲ್ಲು ಹೊದಿಸಿದ ಕಲ್ಲಿನ ಆಸರೆಗಳಿವೆ. ಜನ ಸುಮಾರು ಐದು ನೂರು.

ಅಲ್ಲಿನ ಸಿರಿವಂತಿಕೆ ನೋಡಿ ನನಗೆ ಹೊಟ್ಟೆಕಿಚ್ಚಿಲ್ಲ. ಒಂದೇ ಒಂದು ಸಂಗತಿ ಮನಸ್ಸಿನಲ್ಲಿ ಕೂತಿದೆ. ಗೋಟ್ಲಂಡಿನಿಂದ ಫೋರೊಗೆ ಹೋಗಲು ಸರ್ಕಾರದ ಹಳದಿ ದೋಣಿಯಿದೆ, ಕಾರು ಬಸ್ಸು ಎಲ್ಲ ಹತ್ತುತ್ತವೆ, ಹತ್ತು ನಿಮಿಷವೂ ಹಿಡಿಯದ ದಾರಿ. ಟಿಕೆಟ್ಟಿಲ್ಲ. ರಸ್ತೆ ಇಲಾಖೆಯ ಲೆಕ್ಕದಲ್ಲಿ ಆ ದೋಣಿ ರಸ್ತೆಯ ಒಂದು ತುಂಡು. ರಸ್ತೆ ನೀರಿನ ಅಂಚಿಗೆ ಬಂದು ಮುಗಿಯುವುದಿಲ್ಲ. ನೀರಿನ ಮೇಲೆ ಹೋಗಿ ಆಚೆ ಮತ್ತೆ ಶುರುವಾಗುತ್ತದೆ. ರಸ್ತೆಗೆ ಗುಂಡಿ ಬಿದ್ದರೆ ತುಂಬುವುದು ಯಾರ ಕೆಲಸವೋ, ದೋಣಿ ನಡೆಸುವುದೂ ಅವರದೇ ಕೆಲಸ.

ನಮ್ಮಲ್ಲಿ ರಸ್ತೆ ನಿನ್ನ ದಂಡೆಗೆ ಬಂದು ನಿಲ್ಲುತ್ತದೆ, ಅಲ್ಲಿಂದಾಚೆ ಪರಿಹಾರ ಕಾರ್ಯ ಶುರುವಾಗುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡ ಸಾಹೇಬರು ಬೋಟಿನಲ್ಲಿ ಬರುತ್ತಾರೆ, ಹಿಂದೆ ಕ್ಯಾಮೆರಾದವರು ಬರುತ್ತಾರೆ. ಪ್ರತಿ ನೆರೆಯಲ್ಲೂ ಅದೇ ಸಂವಾದ.

“ಎಲ್ಲಾರೂ ಈಚಿ ದಂಡಿಗಿ ಬಂದ್ಬಿಡ್ರಪ್ಪ, ಕಾಳಜಿ ಕೇಂದ್ರ ತೆಗದೀವಿ.”

“ಬರ್ತೀವ್ರಿ ಸಾಹೇಬ್ರ. ದನ, ಕುರಿ ಯಾರ ನೋಡಬೇಕ್ರಿ?”

ಸಾಹೇಬರ ಹತ್ತಿರ ಇದಕ್ಕೆ ಉತ್ತರವಿರುವುದಿಲ್ಲ. ಮಾರನೆಯ ದಿನ ‘ನಡುಗಡ್ಡೆ ತೊರೆಯಲು ಜನರ ನಕಾರ’ ಎಂದು ಪತ್ರಿಕೆಯಲ್ಲಿ ಬರುತ್ತದೆ. ರಂಗಂಪೇಟೆಯ ಚಹಾದಂಗಡಿಯಲ್ಲಿ ಅದನ್ನು ಓದಿ ನಾವೂ ‘ಮೊಂಡ ಮಂದಿ’ ಎಂದು ತಲೆಯಾಡಿಸುತ್ತೇವೆ.

ಅವರು ಅಲ್ಲಿ ಏಕೆ ಇರಬೇಕು ಎಂಬ ಪ್ರಶ್ನೆ ಕೇಳುವವರು ಹುಣಸಗಿಯ ಕಡೆ ಒಮ್ಮೆ ಹೋಗಿ ಬರಬೇಕು. ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೋರಿಸಿದ ಜಾಗವಿದೆ. ಸುಮಾರು ಹನ್ನೆರಡು ಲಕ್ಷ ವರ್ಷದ ಹಿಂದೆ ನಮ್ಮ ಪೂರ್ವಜರೋ, ಅವರ ಪೂರ್ವಜರೋ, ಅಲ್ಲಿ ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ, ಕೂತು, ಕೈಗೊಡಲಿ ಮಾಡಿಕೊಂಡರು. ಕಲ್ಲು ಒಳ್ಳೆಯದಿತ್ತು, ಪಕ್ಕದಲ್ಲಿ ನೀರಿತ್ತು. ಬದುಕಲು ಬೇಕಾದದ್ದು ಎಲ್ಲಿದೆಯೋ ಅಲ್ಲಿ ಇದ್ದರು, ಅಷ್ಟೇ. ಗಡ್ಡಿಯವರೂ ಹಾಗೆಯೇ. ನೀನು ವರ್ಷಕ್ಕೊಮ್ಮೆ ತಂದು ಸುರಿಯುವ ಮಣ್ಣಿನಲ್ಲಿ ಬೆಳೆ ಬರುತ್ತದೆ, ಕುರಿಗೆ ಮೇವಿದೆ, ಸತ್ತವರನ್ನು ಹೂತ ಜಾಗವೂ ಅಲ್ಲೇ ಇದೆ. ಕಾಳಜಿ ಕೇಂದ್ರದ ಶಾಲೆಯ ವರಾಂಡದಲ್ಲಿ ಇದ್ಯಾವುದೂ ಇಲ್ಲ. ದಡಕ್ಕೆ ಬಂದು ನೆಲೆಸಿ ಎಂದರೆ ಕೆಲವರು ಬಂದಾರು, ಚಿಕ್ಕವರಂತೂ ಬರಲು ತುದಿಗಾಲಲ್ಲಿ ನಿಂತಿರಬಹುದು. ಅವರಿಗೆ ಹೊಲದ ಬದಲು ಹೊಲ ಕೊಡದೆ, ಬರೀ ಮನೆಯ ಪಟ್ಟಾ ಕೊಟ್ಟರೆ, ಮುಂದಿನ ವರ್ಷ ಅವರೂ ಬೆಂಗಳೂರಿನ ಬಸ್ಸಿನಲ್ಲಿರುತ್ತಾರೆ. ಅದನ್ನು ಪುನರ್ವಸತಿ ಎನ್ನುವ ಧೈರ್ಯ ನನಗಿಲ್ಲ.

ಇನ್ನು ಬೇಡಿಕೆ. ನೀನು ತುಂಬಬೇಡ ಎಂದು ಕೇಳುವುದಿಲ್ಲ. ನೀನು ತುಂಬದ ವರ್ಷ ಹೇಗಿರುತ್ತದೆ ಎಂದು ಬರಗಾಲದ ಸೀಮೆಯವನಾದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಡ್ಡಿಯನ್ನು ಬಿಟ್ಟು ಹರಿ ಎಂದೂ ಕೇಳುವುದಿಲ್ಲ. ಆ ಗಡ್ಡಿ ನಿನ್ನದೇ ಕೈಕೆಲಸ, ನೀನು ಮುಟ್ಟದಿದ್ದರೆ ಅಲ್ಲಿ ಮಣ್ಣೂ ಇರುವುದಿಲ್ಲ. ಅಲ್ಲಿನ ಮಕ್ಕಳಿಗೆ ಈಜು ಮರೆಯದಿರಲಿ. ಸೋರೆಬಳ್ಳಿ ಬೇಲಿ ಬೇಲಿಗೂ ಹಬ್ಬಲಿ, ಆದರೆ ಅದರ ಕಾಯಿ ಪಲ್ಯಕ್ಕೇ ಹೋಗುವಂತಾಗಲಿ. ಹರಗೋಲಿನವನ ಡಾಂಬರು ಬಿರುಕು ಬಿಡದಿರಲಿ. ಮಡುವಿನ ಮೊಸಳೆ ಮಡುವಿನಲ್ಲೇ ಇರಲಿ. ಶಾಲೆಯ ಗುರುಗಳಿಗೆ ಹೊಳೆಯ ಭಯ ಹೋಗಲಿ, ಇಲ್ಲವೇ ಹೊಳೆಯ ಭಯವಿಲ್ಲದವರೇ ಅಲ್ಲಿಗೆ ಗುರುಗಳಾಗಿ ಬರಲಿ. ನಿನ್ನನ್ನೂ ರಸ್ತೆಯ ಒಂದು ತುಂಡು ಎಂದು ಬರೆದುಕೊಳ್ಳುವ ಬುದ್ಧಿ ನಮ್ಮ ಲೋಕೋಪಯೋಗಿಯ ಕಡತಕ್ಕೆ ಬರಲಿ. ಅದು ನಿನ್ನ ಕೈಲಿಲ್ಲ ಎಂದು ಗೊತ್ತು. ಆದರೂ ಕಡತ ಇಟ್ಟ ಊರಿಗೆ ಕುಡಿಯುವ ನೀರು ನಿನ್ನದೇ ತಾನೆ? ಅದರ ಜೊತೆ ಒಂದಿಷ್ಟು ಕಳಿಸಿಕೊಡು.

ಕಡೆಯದು ಬಾಗಿನದ ಮಾತು. ಆಲಮಟ್ಟಿ ತುಂಬಿದ ವರ್ಷ ಮುಖ್ಯಮಂತ್ರಿಗಳು ಬಂದು ನಿನಗೆ ಬಾಗಿನ ಬಿಡುತ್ತಾರೆ. ಮೊರದಲ್ಲಿ ಸೀರೆ, ಕುಪ್ಪಸದ ಕಣ, ಅರಿಸಿನ ಕುಂಕುಮ, ಹಸಿರು ಬಳೆ, ಕಾಯಿ, ಧಾನ್ಯ. ತುಂಬಿದವಳಿಗೆ ಉಡಿ ತುಂಬುವುದು ನಮ್ಮ ಪದ್ಧತಿ, ತಪ್ಪೇನಿಲ್ಲ, ನನಗೂ ಅದು ಇಷ್ಟವೇ. ನನ್ನದೊಂದೇ ಅರಿಕೆ. ಬರುವ ಮಳೆಗಾಲದಲ್ಲಿ ಆ ಮೊರ ಕಟ್ಟುವುದಕ್ಕೆ ಒಂದು ತಿಂಗಳು ಮುಂಚೆ, ನೀನಿನ್ನೂ ಮೊಣಕಾಲುದ್ದ ಇರುವಾಗ, ಯಾರಾದರೂ ಒಬ್ಬ ನರ್ಸಮ್ಮ ಒಂದು ನೋಟ್‌ಬುಕ್ಕು ಹಿಡಿದು ಕಲ್ಲಿನಿಂದ ಕಲ್ಲಿಗೆ ದಾಟಿ ಗಡ್ಡಿಗೆ ಹೋಗಲಿ. ಮನೆ ಮನೆಗೆ ಹೋಗಿ, ಯಾರಿಗೆ ಎಷ್ಟು ತಿಂಗಳು ಎಂದು ಕೇಳಿ, ಬರೆದುಕೊಂಡು ಬರಲಿ. ಆ ಹಾಳೆ ನಾರಾಯಣಪುರದಲ್ಲಿ ಗೇಟು ಎತ್ತುವವರ ಮೇಜಿನ ಮೇಲಿರಲಿ.